ತೋರಾ ಓದು ನಡೆಸುವ ಸರದಿ ಬಂದಿದೆ, ಹೀಬ್ರೂ ಬಾರದು: ಏನು ಮಾಡಲಿ?

ಪ್ರಶ್ನೆ: ಸರ್, ನಾನು ಮೈಸೂರಿನವಳು. ಮದುವೆಯಾಗಿ ನ್ಯೂಜೆರ್ಸಿಗೆ ಬಂದು ಒಂಬತ್ತು ವರ್ಷವಾಯಿತು. ಗಂಡನ ಮನೆಯವರು ಯಹೂದಿಗಳು. ನಾನು ಮತ ಬದಲಿಸಿಲ್ಲ, ಅವರೂ ಕೇಳಿಲ್ಲ. ಎರಡು ವರ್ಷದಿಂದ ಅತ್ತೆಯ ಜೊತೆ ಶನಿವಾರ ಬೆಳಿಗ್ಗೆ ಅವರ ಪ್ರಾರ್ಥನಾಮಂದಿರವಾದ ಸಿನಗಾಗ್‌ನ ಧರ್ಮಗ್ರಂಥ ತೋರಾದ ಓದಿನ ಗುಂಪಿಗೆ ಹೋಗುತ್ತೇನೆ. ಹದಿನೈದು ಜನ ಸೇರಿ ಆ ವಾರದ ಭಾಗವನ್ನು ಇಂಗ್ಲಿಷ್‌ನಲ್ಲಿ ಓದಿ, ಒಂದು ಗಂಟೆ ಮಾತಾಡುತ್ತೇವೆ. ಮಾತಾಡುತ್ತೇವೆ ಅಂದರೆ ಇಬ್ಬರೇ ಮಾತಾಡುತ್ತಾರೆ. ಅದರಲ್ಲೊಬ್ಬರು ನಿವೃತ್ತ ವಕೀಲರು. ಕಳೆದ ತಿಂಗಳು ರಾಜಕೀಯಕ್ಕೆ ತಿರುಗಿ ಜಗಳವಾಗಿ ಒಬ್ಬರು ಎದ್ದೇ ಹೋದರು. ಈಗ ಅಲ್ಲಿನ ಧರ್ಮಗುರು ರಬ್ಬಿ, "ಇನ್ನು ಮೇಲೆ ವಾರಕ್ಕೊಬ್ಬರು ನಡೆಸಿ" ಎಂದಿದ್ದಾರೆ. ನನ್ನ ಪಾಲಿಗೆ ಬಂದದ್ದು ತಜ್ರಿಯಾ-ಮೆತ್ಸೋರಾ ಎಂಬ ಭಾಗ. ತೆರೆದು ನೋಡಿದರೆ ಬಾಣಂತಿ ಮೈಲಿಗೆ, ಕುಷ್ಠ, ಗೋಡೆಯ ಬೂಷ್ಟು! ಕಥೆ ಇರುವ ಬೇರೆ ಭಾಗ ಕೇಳಲೇ? ಕೆಲವರು "ವ್ಯಾಖ್ಯಾನಕಾರ ರಾಶಿಯನ್ನು ಓದದೆ ಬಾಯಿ ತೆರೆಯಬಾರದು" ಅಂತಾರೆ. ಕೆಲವರು "ನಿಮಗೆ ಅನ್ನಿಸಿದ್ದು ಹೇಳಿ, ಸಾಕು" ಅಂತಾರೆ. ಹೀಬ್ರೂ ಬಾರದ, ಯಹೂದಿಯೂ ಅಲ್ಲದ ನನಗೆ ಇದನ್ನು ನಡೆಸುವ ಹಕ್ಕಾದರೂ ಇದೆಯಾ? ಒಮ್ಮೆ ನೋಟ್ಸ್ ಬರೆಯೋಣವೆಂದು ಪೆನ್ ತೆಗೆದಾಗ ಪಕ್ಕದವರು ಮುಖ ಕಿವುಚಿದರು. ಅಂದಿನಿಂದ ಏನು ಮಾಡಲೂ ಹೆದರಿಕೆ. ಇನ್ನೊಂದು ಸಣ್ಣ ಪ್ರಶ್ನೆ: ಅವತ್ತು ಚಿತ್ರಾನ್ನ ಮಾಡಿಕೊಂಡು ಹೋಗಬಹುದಾ?

ಉತ್ತರ: ಚಿತ್ರಾನ್ನಕ್ಕೆ ಕೊನೆಯಲ್ಲಿ ಬರೋಣ.

ಪತ್ರದಲ್ಲಿ ಆರೇಳು ಪ್ರಶ್ನೆಗಳಿವೆ. ಎರಡು ಸಲ ಓದಿದ ಮೇಲೆ ನನಗೆ ಕಂಡ ಭಯ ಒಂದೇ. ಗೊತ್ತಿಲ್ಲದವಳು ಗೊತ್ತಿರುವವರ ಮುಂದೆ ಕೂತು ಏನು ಹೇಳಲಿ? ಉಳಿದದ್ದೆಲ್ಲ ಇದರ ಮರಿಗಳು. ನೋಡಿ, ಅವತ್ತು ಹೇಳುವ ಕೆಲಸ ನಿಮ್ಮದಲ್ಲ. ಹದಿನೈದು ಜನರ ಬೆರಳನ್ನು ಪುಟದ ಒಂದೇ ಸಾಲಿನ ಮೇಲೆ ಇಡಿಸಿ, ಒಂದು ಪ್ರಶ್ನೆ ಕೇಳಿ, ಸುಮ್ನೆ ಕೂರುವುದು ನಿಮ್ಮ ಕೆಲಸ. ಅದಕ್ಕೆ ಗೊತ್ತಿಲ್ಲದವರೇ ವಾಸಿ. ಗೊತ್ತಿರುವವರಿಗೆ ಸುಮ್ನೆ ಕೂರಲು ಬರುವುದಿಲ್ಲ. ನನ್ನ ಅನುಭವದಿಂದಲೇ ಹೇಳುತ್ತಿದ್ದೇನೆ.

ನಾನೂ ಯಹೂದಿ ಅಲ್ಲ. ಮಂಗಳೂರು ಕಡೆಯ ಬಾಸೆಲ್ ಮಿಷನ್ ಸಭೆಯಲ್ಲಿ ಬೆಳೆದವನು. ಬೆಂಗಳೂರಿನ ಒಂದು ದೇವಶಾಸ್ತ್ರದ ಕಾಲೇಜಿನಲ್ಲಿ 22 ವರ್ಷ ಹೀಬ್ರೂ ಪಾಠ ಮಾಡಿದೆ. ನಡುವೆ ಎರಡು ವರ್ಷ ಜೆರುಸಲೇಮಿನಲ್ಲಿ, ಆಮೇಲೆ ಮಗಳ ಮನೆಗೆ ಹೋದಾಗಲೆಲ್ಲ ಅಮೆರಿಕದಲ್ಲಿ, ಇಂಥ ಗುಂಪುಗಳಲ್ಲಿ ಕೂತಿದ್ದೇನೆ. ಕೆಲವನ್ನು ನಡೆಸಿಯೂ ಇದ್ದೇನೆ. ಹಾಗಾಗಿ ಹಕ್ಕಿನ ಪ್ರಶ್ನೆ ನನಗೂ ಹಳೆಯದೇ.

ಈ ಪ್ರಶ್ನೆ ಹಳೆಯ ಯಹೂದಿ ಗುರುಗಳ ವಾದಗಳ ಸಂಗ್ರಹವಾದ ತಾಲ್ಮುದ್‌ನಲ್ಲೇ ಇದೆ. ಸನ್ಹೆದ್ರಿನ್ ಎಂಬ ಭಾಗದಲ್ಲಿ ರಬ್ಬಿ ಯೋಹಾನಾನ್, ಅನ್ಯರು ತೋರಾದಲ್ಲಿ ತೊಡಗಕೂಡದು ಎಂದು ಬಲು ಕಟುವಾಗಿ ಹೇಳುತ್ತಾರೆ. ಅದಕ್ಕೆ ಎದುರಾಗಿ ಅಲ್ಲೇ ರಬ್ಬಿ ಮೇಯಿರ್ ಅವರ ಮಾತು ಬರುತ್ತದೆ: ತೋರಾದಲ್ಲಿ ತೊಡಗಿದ ಅನ್ಯನೂ ಮಹಾಯಾಜಕನಿಗೆ, ಅಂದರೆ ದೇವಾಲಯದ ಪ್ರಧಾನ ಅರ್ಚಕನಿಗೆ, ಸಮಾನ. ಎರಡೂ ಮಾತು ಒಂದೇ ಕಡೆ ಉಳಿದುಕೊಂಡಿವೆ. ಇವತ್ತು ಸಂಪ್ರದಾಯಸ್ಥ ಸಿನಗಾಗ್‌ಗಳಲ್ಲಿ ಈ ಬಗ್ಗೆ ಎಚ್ಚರ ಜಾಸ್ತಿ. ಅಷ್ಟು ಕಟ್ಟುನಿಟ್ಟಲ್ಲದ ರಿಫಾರ್ಮ್, ಕನ್ಸರ್ವೇಟಿವ್ ಪಂಗಡಗಳ ಓದಿನ ಗುಂಪುಗಳಲ್ಲಿ ನಿಮ್ಮಂಥ ಸೊಸೆಯಂದಿರು, ಅಳಿಯಂದಿರು ಇದ್ದೇ ಇರುತ್ತಾರೆ. ನಿಮ್ಮ ಹೆಸರನ್ನು ಪಟ್ಟಿಗೆ ಹಾಕಿದವರು ಅಲ್ಲಿನ ರಬ್ಬಿ. ಆ ಮನೆಯ ಯಜಮಾನರು ಅವರೇ ಅಲ್ವಾ? ಅಲ್ಲಿಗೆ ಮುಗಿಯಿತು.

ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ಪೂಜೆಯ ಹೊತ್ತಿನಲ್ಲಿ ಚರ್ಮದ ಸುರುಳಿ ಬಿಚ್ಚಿ ಓದುತ್ತಾರಲ್ಲ, ಅದು ಬೇರೆ. ಶನಿವಾರ ಅದಕ್ಕೆ ಏಳು ಜನರನ್ನು ಹೆಸರು ಹಿಡಿದು ಕರೆಯುತ್ತಾರೆ. ಆ ಗೌರವ ಸಾಮಾನ್ಯವಾಗಿ ಯಹೂದಿಗಳಿಗೇ ಮೀಸಲು. ನಿಮ್ಮದು ಮೇಜಿನ ಸುತ್ತಲಿನ ಓದು. ಇಲ್ಲಿ ಬೇಕಾದದ್ದು ಕಣ್ಣು ಮತ್ತು ಕಿವಿ.

ಇನ್ನು ಹೀಬ್ರೂ. ಅದು ಬಾರದೆ ತೋರಾ ಮುಟ್ಟಲಾಗದು ಎಂಬ ಮಾತು ಎಲ್ಲ ಗುಂಪಿನಲ್ಲೂ ಓಡಾಡುತ್ತದೆ. ಹೀಬ್ರೂ ಬಂದರೆ ರುಚಿ ಹೆಚ್ಚು, ಅದು ನಿಜ. ಆದರೆ ಈ ಓದು ಶುರುವಾದದ್ದೇ ಭಾಷೆ ಬಾರದವರ ನಡುವೆ. ಬೈಬಲ್‌ನಲ್ಲಿ ನೆಹೆಮೀಯನ ಗ್ರಂಥದ 8ನೇ ಅಧ್ಯಾಯ ನೋಡಿ. ಬಾಬಿಲೋನಿನಿಂದ ಮರಳಿದ ಜನ ಜೆರುಸಲೇಮಿನ ನೀರುಬಾಗಿಲ ಮುಂದೆ ಸೇರಿದ್ದಾರೆ. ಯಾಜಕ ಎಜ್ರ ತೋರಾ ಓದುತ್ತಾನೆ, ದೇವಾಲಯ ಸೇವೆಯ ಕುಲದವರಾದ ಲೇವಿಯರು ಜನರ ನಡುವೆ ನಿಂತು ಅರ್ಥ ಬಿಡಿಸುತ್ತಾರೆ. ಆಮೇಲಿನ ಕಾಲದಲ್ಲಿ ಸಿನಗಾಗ್‌ಗಳಲ್ಲಿ ಇದಕ್ಕೊಬ್ಬ ಮನುಷ್ಯನೇ ಇದ್ದ. ಹೆಸರು ಮೆತುರ್ಗೆಮಾನ್. ಓದುಗ ಒಂದು ವಚನ (ಬಸವಣ್ಣನವರದ್ದಲ್ಲ, ಬೈಬಲ್ ಅಧ್ಯಾಯದೊಳಗಿನ ಒಂದೊಂದು ಸಾಲು) ಓದಿ ನಿಲ್ಲಿಸಬೇಕು. ಇವನು ಅದನ್ನು ಜನರ ಆಡುಭಾಷೆ ಅರಾಮಿಕ್‌ನಲ್ಲಿ ಹೇಳಬೇಕು. ಸುರುಳಿಯತ್ತ ನೋಡುವಂತಿಲ್ಲ, ಓದುಗನಿಗಿಂತ ದನಿ ಏರಿಸುವಂತಿಲ್ಲ. ಮೈಸೂರಿನವರಾದ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಒಬ್ಬರು ಕುಮಾರವ್ಯಾಸನ ಷಟ್ಪದಿ ಹಾಡುವುದು, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಮಾಡುವುದು ನೋಡಿಯೇ ಬೆಳೆದಿರುತ್ತೀರಿ. ಯೆಮೆನ್ ಯಹೂದಿಗಳು ಆ ಅರಾಮಿಕ್ ಅನುವಾದವನ್ನು ಇವತ್ತಿಗೂ ಸಭೆಯಲ್ಲಿ ಓದುತ್ತಾರೆ.

ನಮ್ಮ ಕೊಂಕಣ ತೀರದ ಯಹೂದಿಗಳಾದ ಬೆನೆ ಇಸ್ರಾಯೇಲರನ್ನೇ ನೋಡಿ. ಎಣ್ಣೆ ಗಾಣದ ಕಸುಬಿನವರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರಿನವರು ಅವರನ್ನು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು ಎಂದು ಕರೆದರು. ಎಷ್ಟೋ ತಲೆಮಾರು ಅವರ ಕೈಯಲ್ಲಿ ತೋರಾ ಪುಸ್ತಕವೇ ಇರಲಿಲ್ಲ. ಪುಸ್ತಕ ಸಿಕ್ಕ ಮೇಲೆ 19ನೇ ಶತಮಾನದಲ್ಲಿ ಅಬ್ರಹಾಮನ, ಯೋಸೇಫನ ಕಥೆಗಳನ್ನು ಮರಾಠಿ ಕೀರ್ತನೆ ಮಾಡಿ ಹಾಡಿದರು. ಮುಂಬೈಯಲ್ಲಿ 1796ರಲ್ಲಿ ಅವರ ಮೊದಲ ಸಿನಗಾಗ್ ಕಟ್ಟಿಸಿದವರು ಸ್ಯಾಮುಯೆಲ್ ಎಜೆಕಿಯೆಲ್ ದಿವೇಕರ್. ಆತ ಬ್ರಿಟಿಷ್ ಸೈನ್ಯದಲ್ಲಿದ್ದು, ಟಿಪ್ಪು ಸುಲ್ತಾನನ ಕೈಗೆ ಸೆರೆಸಿಕ್ಕು, ಬದುಕಿ ಬಂದು, ಹರಕೆ ತೀರಿಸಲು ಅದನ್ನು ಕಟ್ಟಿಸಿದರೆಂದು ಆ ಸಮುದಾಯದವರು ಕಥೆ ಹೇಳುತ್ತಾರೆ. ಮುಂದಿನ ಸಲ ಶ್ರೀರಂಗಪಟ್ಟಣಕ್ಕೆ ಹೋದಾಗ ಅತ್ತೆಗೆ ಹೇಳಿ, ಖುಷಿಪಡುತ್ತಾರೆ.

ಈಗ ರಾಶಿ. ಮೇಷ ವೃಷಭ ಅಲ್ಲ! ರಬ್ಬಿ ಶ್ಲೋಮೋ ಯಿತ್ಸ್‌ಹಾಕಿ ಎಂಬ ಹೆಸರಿನ ಮೊದಲಕ್ಷರಗಳು. ಫ್ರಾನ್ಸಿನ ತ್ರ್ವಾ ಊರಿನವರು, 1040ರಿಂದ 1105ರವರೆಗೆ ಬದುಕಿದ್ದರು. ಅವರ ತೋರಾ ವ್ಯಾಖ್ಯಾನ ಇಲ್ಲದ ಯಹೂದಿ ಮನೆ ಕಡಿಮೆ. ಇಸವಿ ನಮೂದಾಗಿ ಅಚ್ಚಾದ ಮೊಟ್ಟಮೊದಲ ಹೀಬ್ರೂ ಪುಸ್ತಕ, 1475ರದ್ದು, ಇದೇ ವ್ಯಾಖ್ಯಾನ. ಕಷ್ಟದ ಪದ ಬಂದರೆ ಅವರು ತಮ್ಮೂರಿನ ಹಳೆಯ ಫ್ರೆಂಚ್ ಮಾತನ್ನು ಹೀಬ್ರೂ ಅಕ್ಷರದಲ್ಲಿ ಬರೆದು "ಇದಕ್ಕೆ ನಾವು ಹೀಗೆನ್ನುತ್ತೇವೆ" ಎನ್ನುತ್ತಾರೆ. ಅಂಥ ಮೇಷ್ಟ್ರನ್ನು ಬೆದರುಬೊಂಬೆ ಮಾಡಿ ನಿಲ್ಲಿಸುವುದು ನನಗೆ ಸರಿಕಾಣುವುದಿಲ್ಲ.

ರಾಶಿಗೆ ಎದುರಾಡಬಾರದು ಎನ್ನುವವರಿಗೆ ಒಂದು ವಿಷಯ ನೆನಪಿಸಿ. ರಾಶಿಯ ಮೊಮ್ಮಗ ರಶ್ಬಾಮ್ ಅಜ್ಜನ ಜೊತೆಗೇ ವಾದ ಮಾಡುತ್ತಿದ್ದರು. "ಸಮಯವಿದ್ದರೆ ಇನ್ನೊಂದು ವ್ಯಾಖ್ಯಾನ ಬರೆಯಬೇಕಿತ್ತು ಎಂದು ಅಜ್ಜ ಒಪ್ಪಿಕೊಂಡರು" ಎಂದು ಅವರೇ ಬರೆದಿಟ್ಟಿದ್ದಾರೆ. ಸಾಂಪ್ರದಾಯಿಕ ಮುದ್ರಣದ ಪುಟ ತೆರೆದರೆ ನಡುವೆ ಎರಡೋ ಮೂರೋ ವಚನ, ಸುತ್ತ ರಾಶಿ, ಅವರ ನಂತರದ ವ್ಯಾಖ್ಯಾನಕಾರರಾದ ಇಬ್ನ್ ಎಜ್ರಾ, ರಂಬಾನ್. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಪ್ಪು ಅನ್ನುತ್ತಾರೆ. ಅಚ್ಚು ಹಾಕಿದವರು ಯಾರನ್ನೂ ಪುಟದಿಂದಾಚೆ ಕಳಿಸಿಲ್ಲ.

ಹಾಗಾದರೆ ಅನ್ನಿಸಿದ್ದು ಹೇಳಿದರೆ ಸಾಕೇ? ಸಾಲದು. ಈ ಕಡೆಯವರ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಬೇಸರ. ಅವರ ಗುಂಪಿನಲ್ಲಿ ಹತ್ತನೇ ನಿಮಿಷಕ್ಕೆ ಪುಸ್ತಕ ಮುಚ್ಚಿರುತ್ತದೆ. ಮಾತು ತಂತಮ್ಮ ಬಾಲ್ಯ, ತಂತಮ್ಮ ಥೆರಪಿಸ್ಟ್, ಮೊನ್ನೆ ನೋಡಿದ ಸಿನಿಮಾದ ಕಡೆ ಹೋಗಿರುತ್ತದೆ. ಚೆನ್ನಾಗಿಯೇ ಇರುತ್ತದೆ, ಆದರೆ ಅದಕ್ಕೆ ತೋರಾ ಯಾಕೆ ಬೇಕು? ನೆಹಮಾ ಲೈಬೊವಿಟ್ಸ್ ಎಂಬ ಮಹಾ ಮೇಡಂ ಇದ್ದರು. 1905ರಲ್ಲಿ ರೀಗಾದಲ್ಲಿ ಹುಟ್ಟಿ 1997ರಲ್ಲಿ ಜೆರುಸಲೇಮಿನಲ್ಲಿ ತೀರಿಕೊಂಡರು. 1942ರಿಂದ ಸುಮಾರು ಮೂವತ್ತು ವರ್ಷ ವಾರಕ್ಕೊಂದು ಪ್ರಶ್ನೆ ಹಾಳೆ ತಯಾರಿಸಿ ಅಂಚೆಯಲ್ಲಿ ಕಳಿಸುತ್ತಿದ್ದರು. ಸೈನಿಕರು, ಸಾಮೂಹಿಕ ಬೇಸಾಯದ ಊರಾದ ಕಿಬ್ಬುತ್ಸ್‌ನ ರೈತರು, ಮನೆವಾರ್ತೆಯ ಹೆಂಗಸರು, ಯಾರು ಬೇಕಾದರೂ ಉತ್ತರ ಬರೆದು ಕಳಿಸಬಹುದು. ಅವರು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸುತ್ತಿದ್ದರು. ಅವರ ಖಾಯಂ ಪ್ರಶ್ನೆ ಒಂದೇ: ಇಲ್ಲಿ ರಾಶಿಗೆ ತೊಡಕಾದದ್ದು ಏನು? ಅಂದರೆ ರಾಶಿ ಏನೆಂದರು ಎನ್ನುವುದಕ್ಕಿಂತ ಮೊದಲು, ವಚನದಲ್ಲಿ ಯಾವ ಮಾತು ಎಡವಿಸಿದ್ದಕ್ಕೆ ಅವರು ಬಾಯಿ ಬಿಟ್ಟರು? ನಿಮ್ಮ ಗುಂಪಿನ ಎರಡೂ ಪಕ್ಷಕ್ಕೆ ಈ ಪ್ರಶ್ನೆ ಒಗ್ಗುತ್ತದೆ. ಎಡವುವುದಕ್ಕೆ ವಿದ್ವತ್ತು ಬೇಡ, ಆದರೆ ಎಲ್ಲಿ ಎಡವಿದೆ ಎಂದು ತೋರಿಸಲೇಬೇಕು.

ಭಾಗ ಬದಲಿಸಬೇಡಿ. ತೋರಾದಲ್ಲಿ 54 ಭಾಗಗಳಿವೆ, ವರ್ಷಕ್ಕೊಂದು ಸುತ್ತು. ಮಳೆ ಬರಲಿ ಬಿಡಲಿ, ಬಂದ ವಾರಕ್ಕೆ ಬಂದ ಭಾಗ. ತಜ್ರಿಯಾ, ಮೆತ್ಸೋರಾ ಎರಡನ್ನೂ ಅಧಿಕ ಮಾಸವಿಲ್ಲದ ವರ್ಷ ಸೇರಿಸಿ ಓದುತ್ತಾರೆ. ನಿಮಗೆ ಬಂದಿರುವುದು ಹಾಗೆ. ಯಾಜಕಕಾಂಡದ 12ರಿಂದ 15ರವರೆಗಿನ ನಾಲ್ಕು ಅಧ್ಯಾಯ. ಒಂದು ಗಂಟೆಯಲ್ಲಿ ಅಷ್ಟನ್ನೂ ಮುಗಿಸಲು ಹೊರಟರೆ ಬಸ್ಸಿನ ಕಿಟಕಿಯಿಂದ ಹಂಪಿ ನೋಡಿದ ಹಾಗೆ. ಕೆಲವು ಸಿನಗಾಗ್‌ಗಳು ಪ್ರತಿ ಭಾಗವನ್ನು ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲು ಓದುತ್ತವೆ. ಹಳೆಯ ಕಾಲದ ಪಾಲೆಸ್ತೀನಿನಲ್ಲಿ ಬೇರೆಯದೇ ಒಂದು ಮೂರು ವರ್ಷದ ಸುತ್ತು ಇತ್ತು. ನೀವು ಯಾವ ಲೆಕ್ಕವನ್ನೂ ಹಚ್ಚಿಕೊಳ್ಳದೆ ನಾಲ್ಕೇ ನಾಲ್ಕು ವಚನ ಹಿಡಿಯಿರಿ. ಯಾಜಕಕಾಂಡ 14ರಲ್ಲಿ 33ರಿಂದ 36. ಅದೇ, ನೀವು ಹೆದರಿದ ಗೋಡೆಯ ಬೂಷ್ಟು.

ಆ ವಚನಗಳಿಗೆ ಹೋಗುವ ಮೊದಲು ಒಂದು ಪದದ ಬಗ್ಗೆ ಎಚ್ಚರ. ಹೀಬ್ರೂವಿನ ತ್ಸಾರಾತ್ ಎಂಬುದನ್ನು ಕನ್ನಡ ಬೈಬಲ್ ಆದ ಸತ್ಯವೇದದಲ್ಲಿ ಕುಷ್ಠ ಎಂದು ಅನುವಾದ ಮಾಡಿದ್ದಾರೆ. ಗ್ರೀಕ್ ಅನುವಾದದ ಲೆಪ್ರಾ ಎಂಬ ಪದದಿಂದ ಬಂದ ದಾರಿ ಅದು. ಆದರೆ ಇದು ಬಟ್ಟೆಗೂ ಬರುತ್ತದೆ, ಮನೆಯ ಗೋಡೆಗೂ ಬರುತ್ತದೆ. ಕುಷ್ಠ ಗೋಡೆಗೆ ಬರುತ್ತದಾ? ಮೈಯಲ್ಲಿ ಕಂಡಾಗ ಕೊಡುವ ಗುರುತುಗಳೂ ಇವತ್ತಿನ ಕುಷ್ಠರೋಗಕ್ಕೆ ಹೊಂದುವುದಿಲ್ಲ. ಹಾಗೆಯೇ ಅಶುದ್ಧ ಸ್ಥಿತಿಯನ್ನು ಹೇಳುವ ತುಮಾ ಎಂಬ ಪದಕ್ಕೆ ನಿಮ್ಮ ಮನಸ್ಸು ತಕ್ಷಣ ಮೈಲಿಗೆ ಅನ್ನುತ್ತದೆ. ನನ್ನದೂ ಅನ್ನುತ್ತದೆ. ಅರ್ಧ ದಾರಿ ಆ ಮಾತು ಕೈಹಿಡಿದು ನಡೆಸುತ್ತದೆ, ಇಂಗ್ಲಿಷ್ ಓದುವವರಿಗೆ ಇಲ್ಲದ ಅನುಕೂಲ ಅದು. ಉಳಿದರ್ಧ ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ಊರ ಹೊರಗೆ ಇಟ್ಟವರನ್ನು ಹುಟ್ಟಿನಿಂದಲೇ ಇಟ್ಟರು, ಒಳಗೆ ಕರೆಯಲಿಲ್ಲ. ಇಲ್ಲಿ ಪಾಳೆಯದ ಹೊರಗಿರುವವನನ್ನು ನೋಡಲು ಯಾಜಕ ತಾನೇ ಹೊರಗೆ ನಡೆದು ಹೋಗುತ್ತಾನೆ, ವಾಸಿಯಾಗಿದ್ದರೆ ಒಳಗೆ ಕರೆತರುವ ವಿಧಿ ಮಾಡುತ್ತಾನೆ. ಆ ವಿಧಿಗೇ ಅರ್ಧ ಅಧ್ಯಾಯ ಮೀಸಲು. ಈ ವ್ಯತ್ಯಾಸ ನಿಮ್ಮ ಮೇಜಿನಲ್ಲಿ ನಿಮಗೊಬ್ಬರಿಗೇ ಕಾಣುವಂಥದ್ದು. ಹೇಳಿ, ಸಂಕೋಚ ಬೇಡ.

ಈಗ ವಚನಗಳು. ಮನೆಯ ಗೋಡೆಯಲ್ಲಿ ಹಸಿರೋ ಕೆಂಪೋ ಏನೋ ಕಂಡಿದೆ. ಮನೆಯವನು ಯಾಜಕನ ಬಳಿ ಹೋಗಿ, "ನನ್ನ ಮನೆಯಲ್ಲಿ ಪಿಡುಗಿನಂಥದ್ದು ಏನೋ ಕಾಣುತ್ತಿದೆ" ಎನ್ನಬೇಕು. ಪಿಡುಗು ಅನ್ನುವಂತಿಲ್ಲ, ಪಿಡುಗಿನಂಥದ್ದು. ಎಷ್ಟೇ ಓದಿದವನಾದರೂ ಹಾಗೆಯೇ ಹೇಳಬೇಕೆಂದು ತಾಲ್ಮುದ್‌ಗೆ ತಳಹದಿಯಾದ ನಿಯಮಸಂಗ್ರಹ ಮಿಶ್ನಾ ಹೇಳುತ್ತದೆ. ಯಾಜಕ ಬಂದು ನೋಡುವುದಕ್ಕೆ ಮೊದಲೇ ಮನೆ ಖಾಲಿ ಮಾಡಿಸಬೇಕು. ಅವನು ಅಶುದ್ಧ ಎಂದ ಕ್ಷಣ ಒಳಗಿರುವುದೆಲ್ಲ ಅಶುದ್ಧ. ಮೊದಲೇ ಹೊರಗಿಟ್ಟರೆ ಉಳಿದುಕೊಳ್ಳುತ್ತದೆ.

ಇಲ್ಲಿ ನಿಲ್ಲಿಸಿ. ಖಾಲಿ ಮಾಡಿಸಿ ಉಳಿಸಿದ್ದಾದರೂ ಏನು? ಬಟ್ಟೆ, ಮರ, ಲೋಹವನ್ನು ನೀರಿನಲ್ಲಿ ಅದ್ದಿ ಶುದ್ಧ ಮಾಡಬಹುದು. ಮಣ್ಣಿನ ಮಡಿಕೆಯನ್ನು ಮಾತ್ರ ಒಡೆದೇ ಹಾಕಬೇಕು. ರಬ್ಬಿ ಮೇಯಿರ್ ಹೇಳುತ್ತಾರೆ: ತೋರಾ ಕಾಪಾಡಿದ್ದು ಅವನ ಮಣ್ಣಿನ ಪಾತ್ರೆಗಳನ್ನು, ಎಣ್ಣೆ ಕುಡಿಕೆಯನ್ನು, ನೀರಿನ ಹೂಜಿಯನ್ನು. ಸಂತೆಯಲ್ಲಿ ನಾಲ್ಕು ಕಾಸಿಗೆ ಸಿಗುವ ಮಡಿಕೆಗಾಗಿ ಇಡೀ ವಿಧಿಯನ್ನು ಒಂದು ಗಳಿಗೆ ತಡೆದು ನಿಲ್ಲಿಸಿದ್ದಾರೆ. ಒಂದು ಕ್ಷಣ ಆ ಅಂಗಳವನ್ನು ನೆನೆಸಿಕೊಳ್ಳಿ. ಬಿಸಿಲಲ್ಲಿ ಸಾಲಾಗಿ ಇಟ್ಟ ಮಸಿ ಹಿಡಿದ ಮಡಿಕೆಗಳು, ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ ಹೆಂಗಸು.

ಇದೇ ಅಂಗಳವನ್ನು ಇನ್ನೊಬ್ಬರು ಬೇರೆ ಥರ ನೋಡಿದರು. ಈ ಪಿಡುಗು ಬರುವುದು ಜಿಪುಣರ ಮನೆಗಂತೆ. ನೆರೆಯವಳು ಬಂದು "ಜರಡಿ ಕೊಡಮ್ಮ" ಅಂದರೆ "ನಮ್ಮನೇಲಿ ಇಲ್ಲ" ಅಂದವಳು ಇವಳು. ಈಗ ಮನೆ ಖಾಲಿ ಮಾಡಿಸಿದಾಗ ಜರಡಿ, ಮೊರ, ಗೋಧಿ ಮೂಟೆ ಎಲ್ಲ ಬೀದಿಗೆ ಬಂತು. ಇಲ್ಲ ಅಂದದ್ದೆಲ್ಲ ಇದೆ ಎಂದು ಊರಿಗೆ ಗೊತ್ತಾಯಿತು. ಇದು ಮಿದ್ರಾಶ್, ಅಂದರೆ ಗುರುಗಳು ವಚನದ ಸುತ್ತ ಹೆಣೆದ ವ್ಯಾಖ್ಯಾನ. ರಾಶಿ ಮೂರನೆಯದೊಂದು ಹೇಳುತ್ತಾರೆ: ಇದು ಶುಭ ಸುದ್ದಿ! ಮೊದಲು ಆ ಮನೆಗಳಲ್ಲಿದ್ದ ಅಮೋರಿಯರು ಚಿನ್ನವನ್ನು ಗೋಡೆಯೊಳಗೆ ಹುದುಗಿಸಿದ್ದರು, ಪಿಡುಗು ಹಿಡಿದ ಗೋಡೆ ಕೆಡವಿದರೆ ಅದು ಸಿಗುತ್ತದೆ. ಅವರಿಗೆ ಇಲ್ಲಿ ತೊಡಕಾದದ್ದು ಏನು ಗೊತ್ತಾ? ವಚನದಲ್ಲಿ ದೇವರು "ನಾನು ಪಿಡುಗನ್ನು ಕೊಡುವೆನು" ಎನ್ನುತ್ತಾನೆ. ಕೊಡುವುದು ಉಡುಗೊರೆಯನ್ನಲ್ಲವೇ?

ನಿಮ್ಮ ಪ್ರಶ್ನೆ ಈಗ ತಾನಾಗಿಯೇ ಸಿಕ್ಕಿತು. ಮನೆ ಖಾಲಿ ಮಾಡಿಸಿದ್ದು ಅವನ ಮಾನ ಉಳಿಸಲಿಕ್ಕೋ, ಕಳೆಯಲಿಕ್ಕೋ? ವಚನದ ಯಾವ ಮಾತು ನಿಮ್ಮ ಉತ್ತರವನ್ನು ಹೊರುತ್ತದೆ? ಇಷ್ಟು ಸಾಕು, ಒಂದು ಗಂಟೆ ಓಡುತ್ತದೆ.

ಇನ್ನೊಂದು ಅಪಾಯ ಹೇಳಲೇಬೇಕು. ನಾನೇ ಅದಕ್ಕೆ ಬಿದ್ದವನು. ರೇಶ್ ಲಕೀಶ್ ಎಂಬ ಗುರುಗಳು ಮೆತ್ಸೋರಾ ಎಂಬ ಪದವನ್ನು ಒಡೆದು "ಮೋತ್ಸಿ ಶೇಮ್ ರಾ" ಎಂದರು, ಅಂದರೆ ಇನ್ನೊಬ್ಬರ ಹೆಸರು ಕೆಡಿಸುವವನು. ಚಾಡಿ ಹೇಳಿದವರಿಗೆ ಈ ರೋಗ ಎಂಬುದು ತಾತ್ಪರ್ಯ. ಮೋಶೆಯ ಬಗ್ಗೆ ಮಾತಾಡಿದ ಅವನ ಅಕ್ಕ ಮಿರ್ಯಾಮಳ ಮೈ ಬೆಳ್ಳಗಾದ ಕಥೆಯನ್ನು ಇದಕ್ಕೆ ಜೋಡಿಸುತ್ತಾರೆ. ಪ್ರತಿ ವರ್ಷ ಈ ವಾರ ಎಲ್ಲ ಕಡೆ ಇದೇ ಉಪನ್ಯಾಸ. ಹಲವು ವರ್ಷದ ಹಿಂದೆ ಬೆಂಗಳೂರಿನ ಒಂದು ಓದಿನ ಗುಂಪಿನಲ್ಲಿ ನಾನೂ ಆ ಪದದ ಆಟವನ್ನು ಹುಮ್ಮಸ್ಸಿನಲ್ಲಿ ಹೇಳಿದೆ. ಎದುರಿಗಿದ್ದ ಒಬ್ಬ ಹೆಂಗಸು ಮೇಜಿನ ಮೇಲಿದ್ದ ಕೈಗಳನ್ನು ಮೆಲ್ಲಗೆ ಕೆಳಗೆ ಎಳೆದುಕೊಂಡರು. ಬೆರಳ ತುದಿಗಳಲ್ಲಿ ತೊನ್ನು. ನಮ್ಮ ಕಡೆ ತೊನ್ನು ಇರುವವರು ಮದುವೆ ಮನೆಗಳಲ್ಲಿ ಏನು ಕೇಳಿರುತ್ತಾರೆ ಎಂದು ನಿಮಗೆ ಗೊತ್ತು. ಅವರು ಮುಂದಿನ ವಾರ ಬರಲಿಲ್ಲ.

ಆಮೇಲೆ ಅಧ್ಯಾಯವನ್ನು ಮತ್ತೆ ಓದಿದಾಗ ನಾಚಿಕೆಯಾಯಿತು. 13ನೇ ಅಧ್ಯಾಯದಲ್ಲಿ ಪಾಪ ಎಂಬ ಮಾತೇ ಇಲ್ಲ. ಚಾಡಿಯ ಮಾತೂ ಇಲ್ಲ. ಅದನ್ನು ತಂದವರು ಮಿದ್ರಾಶ್‌ನವರು. ವಚನದಲ್ಲಿ ಇರುವುದು ನೋಡುವುದು, ಏಳು ದಿನ ಕಾಯುವುದು, ಮತ್ತೆ ನೋಡುವುದು. ಅಷ್ಟೇ ಅಲ್ಲ, 13ನೇ ವಚನದಲ್ಲಿ ಮೈಯೆಲ್ಲ ಪೂರ್ತಿ ಬೆಳ್ಳಗಾದವನು ಶುದ್ಧ ಎಂದು ಯಾಜಕ ಸಾರಬೇಕು ಎಂದಿದೆ. ನಾನು ಅದನ್ನು ಓದಿದ್ದರೆ ಆ ಹೆಂಗಸು ಕೈ ಎಳೆದುಕೊಳ್ಳುತ್ತಿರಲಿಲ್ಲವೇನೋ. ಹಾಗಾಗಿ ಮೇಜಿನ ಸುತ್ತ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಚರ್ಮದ ತೊಂದರೆ ಇರುವವರು ಇದ್ದಾರೆ ಎಂದೇ ಎಣಿಸಿ ಹೊರಡಿ. ಮಿದ್ರಾಶ್ ಬಿಡಬೇಕಾಗಿಲ್ಲ. ಇದು ವಚನ, ಇದು ಮಿದ್ರಾಶ್ ಎಂದು ಬೇರೆ ಬೇರೆ ಇಟ್ಟು ಹೇಳಿ.

ಬಾಣಂತಿಯ ಅಧ್ಯಾಯವನ್ನು ಯಾರಾದರೂ ಎತ್ತುತ್ತಾರೆ. ಗಂಡು ಹುಟ್ಟಿದರೆ 7 ಮತ್ತು 33 ದಿನ, ಹೆಣ್ಣಾದರೆ 14 ಮತ್ತು 66, ಯಾಕೆ ಎರಡರಷ್ಟು? ನಾನು ಕೇಳಿದ ಯಾವ ವಿವರಣೆಯೂ ನನಗೆ ಒಪ್ಪಿಗೆಯಾಗಿಲ್ಲ. ಒಪ್ಪಿಗೆಯಾದಂತೆ ನಟಿಸಬೇಡಿ. ಆ ಪ್ರಶ್ನೆಗೆ ಇನ್ನೊಂದು ವಾರ ಇಡಿ ಎಂದು ಕೇಳಿ.

ಇನ್ನು ಇಬ್ಬರೇ ಮಾತಾಡುವ ಕಾಯಿಲೆ. ಇದನ್ನು ವಕೀಲರ ಸ್ವಭಾವಕ್ಕೆ ಕಟ್ಟಬೇಡಿ. "ಈ ಭಾಗದ ಬಗ್ಗೆ ಏನನ್ನಿಸಿತು?" ಎಂಬ ಅಗಲವಾದ ಪ್ರಶ್ನೆ ಹಾಕಿದರೆ ಅಗಲವಾಗಿ ಮಾತಾಡಲು ಬರುವವರೇ ಮಾತಾಡುತ್ತಾರೆ. ಉಳಿದವರು ತಪ್ಪಾದೀತೆಂದು ಸುಮ್ಮನಿರುತ್ತಾರೆ. ಹಿಲ್ಲೇಲ್ ಎಂಬ ಗುರುಗಳು ಎರಡು ಸಾವಿರ ವರ್ಷದ ಹಿಂದೆಯೇ ಹೇಳಿದ್ದಾರೆ: ನಾಚುವವನು ಕಲಿಯುವುದಿಲ್ಲ, ಸಿಡುಕುವವನು ಕಲಿಸುವುದಿಲ್ಲ. ಇದಕ್ಕೆ ಯಹೂದಿಗಳ ಹಳೆಯ ಮದ್ದು ಹವ್ರೂತಾ, ಜೋಡಿ ಓದು. ಇಬ್ಬಿಬ್ಬರು ಎದುರುಬದುರು ಕೂತು, ಗಟ್ಟಿಯಾಗಿ ಓದಿ, ಒಬ್ಬರ ಮಾತನ್ನು ಇನ್ನೊಬ್ಬರು ಪ್ರಶ್ನಿಸುವುದು. ಹದಿನೈದು ಜನರ ಮುಂದೆ ಬಾಯಿ ಬಿಡದವರೂ ಒಬ್ಬರ ಮುಂದೆ ಬಿಡುತ್ತಾರೆ.

ಜೋಡಿಗೂ ಅಪಾಯ ಇದೆ. ಗಂಡ ಹೆಂಡತಿ ಒಟ್ಟಿಗೆ ಕೂತರೆ ಮಾತು ಮನೆ ರಿಪೇರಿಗೆ ಹೋಗುತ್ತದೆ. ಜೋರಿನವರ ಜೊತೆ ಮೆತ್ತಗಿನವರು ಕೂತರೆ ತಲೆಯಾಡಿಸಿ ಮುಗಿಸುತ್ತಾರೆ. ಹಾಗಾಗಿ ಜೋಡಿ ನೀವೇ ಮಾಡಿ. ವಕೀಲರನ್ನು ಆ ಇನ್ನೊಬ್ಬ ಮಾತುಗಾರರ ಜೊತೆಗೇ ಕೂರಿಸಿ! ಅವರಿಗೂ ಖುಷಿ, ಉಳಿದವರಿಗೂ ನೆಮ್ಮದಿ. ಹದಿನೈದು ನಿಮಿಷ ಸಾಕು. ಜೋಡಿಗಿಂತ ರಬ್ಬಿಯ ಉಪನ್ಯಾಸ ಸುಲಭ, ಜಗಳವೂ ಇಲ್ಲ. ಆದರೆ ಎರಡೇ ತಿಂಗಳಲ್ಲಿ ಜನ ಕೇಳುಗರಾಗಿ ಬಿಡುತ್ತಾರೆ. ನಿಮ್ಮ ರಬ್ಬಿ ಸರದಿ ಹಚ್ಚಿದ್ದು ಅದಕ್ಕೇ ಇರಬೇಕು.

ವಕೀಲರಿಗೆ ಒಂದು ಕೆಲಸವನ್ನೂ ಕೊಡಿ. ಸುರುಳಿ ಓದುವಾಗ ಅಕ್ಕಪಕ್ಕ ಇಬ್ಬರು ಗಬ್ಬಾಯಿಗಳು ನಿಂತಿರುತ್ತಾರೆ, ಗಮನಿಸಿದ್ದೀರಾ? ಸುರುಳಿಯಲ್ಲಿ ಸ್ವರಚಿಹ್ನೆ ಇಲ್ಲ, ರಾಗದ ಗುರುತಿಲ್ಲ. ಓದುವವರು ತಪ್ಪಿದ ಕೂಡಲೇ ತಿದ್ದುವುದು ಇವರ ಕೆಲಸ. ಹಿಂದಿನ ದಿನವೇ ವಕೀಲರಿಗೆ ಫೋನ್ ಮಾಡಿ, "ನಾಳೆ ಮೇಜಿನ ಗಬ್ಬಾಯಿ ನೀವೇ. ಯಾರೇ ಏನೇ ಹೇಳಲಿ, 'ಯಾವ ವಚನ?' ಎಂದು ಕೇಳಿ" ಎನ್ನಿ. ಸಾಕ್ಷಿ ಕೇಳುವುದು ಅವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಜಗಳದ ಬಗ್ಗೆ. ವಾದ ಇಲ್ಲದ ತೋರಾ ಓದು ಉಪ್ಪಿಲ್ಲದ ಸಾರು. ರಬ್ಬಿ ಯೋಹಾನಾನ್ ಮತ್ತು ಅದೇ ರೇಶ್ ಲಕೀಶ್ ಓದಿನ ಜೊತೆಗಾರರು. ರೇಶ್ ಲಕೀಶ್ ತೀರಿಕೊಂಡಾಗ ಯೋಹಾನಾನ್‌ಗೆ ಸಮಾಧಾನವಾಗಲೆಂದು ಇನ್ನೊಬ್ಬ ಪಂಡಿತರನ್ನು ಕಳಿಸಿದರು. ಆತ ಪ್ರತಿ ಮಾತಿಗೂ "ನಿಮ್ಮ ಮಾತಿಗೆ ಇಲ್ಲಿ ಆಧಾರವಿದೆ" ಎನ್ನುತ್ತಿದ್ದ. ಯೋಹಾನಾನ್‌ಗೆ ರೇಗಿತು. "ಅವನಿದ್ದಾಗ ನನ್ನ ಒಂದು ಮಾತಿಗೆ 24 ಆಕ್ಷೇಪ ಎತ್ತುತ್ತಿದ್ದ, ನಾನು 24 ಉತ್ತರ ಕೊಡುತ್ತಿದ್ದೆ, ಹಾಗೆ ಅರ್ಥ ಹರಡಿಕೊಳ್ಳುತ್ತಿತ್ತು. ನನ್ನ ಮಾತು ಸರಿ ಎಂದು ನನಗೆ ಗೊತ್ತಿಲ್ಲವೇ?" ಎಂದು ಅತ್ತರಂತೆ. ನಿಮ್ಮ ಗುಂಪಿನ ಜಗಳದಲ್ಲಿ ಕೆಟ್ಟದ್ದು ಆಕ್ಷೇಪ ಅಲ್ಲ. ವಚನ ಮುಗಿಯುವ ಮೊದಲೇ ಪೇಪರಿನ ಸುದ್ದಿಗೆ ಹಾರಿದ್ದು. ರಾಜಕೀಯ ಪೂರ್ತಿ ನಿಷೇಧ ಎಂದರೆ ಓದು ಸಪ್ಪೆಯಾಗುತ್ತದೆ. ಬಿಟ್ಟುಬಿಟ್ಟರೆ ಇನ್ನಿಬ್ಬರು ಎದ್ದು ಹೋಗುತ್ತಾರೆ. ನಾನು ಮಾಡುವುದು ಇಷ್ಟೆ: ಮೊದಲ ಅರ್ಧ ಗಂಟೆ ವಚನದಾಚೆ ಹೋಗುವಂತಿಲ್ಲ. ಆಮೇಲೆ ಯಾರನ್ನಾದರೂ ವಿರೋಧಿಸುವುದಿದ್ದರೆ, ಅವರ ಮಾತನ್ನು ಅವರೇ "ಹೌದು, ಅದೇ ನಾನು ಹೇಳಿದ್ದು" ಎನ್ನುವ ಹಾಗೆ ಮೊದಲು ಹೇಳಬೇಕು. ಹಿಲ್ಲೇಲ್ ಶಿಷ್ಯಪರಂಪರೆಯವರು ತಮ್ಮ ಮಾತಿಗಿಂತ ಮೊದಲು ಎದುರಾಳಿ ಶಮ್ಮಾಯ್ ಕಡೆಯವರ ಮಾತನ್ನು ಹೇಳುತ್ತಿದ್ದರು ಎಂದು ತಾಲ್ಮುದ್ ಮೆಚ್ಚಿಕೊಳ್ಳುತ್ತದೆ. ಎದ್ದು ಹೋದವರಿಗೆ ನೀವೇ ಫೋನ್ ಮಾಡಿ. ರಾಜಿ ಮಾತು ಬೇಡ, "ಮಡಿಕೆ ವಾರ ನನ್ನದು, ಬನ್ನಿ" ಅಂದರೆ ಸಾಕು.

ಪೆನ್ನಿನ ವಿಷಯ ಸಣ್ಣದು. ಯಹೂದಿಗಳ ಶನಿವಾರದ ವಿಶ್ರಾಂತಿ ದಿನವಾದ ಶಬ್ಬಾತ್‌ನಲ್ಲಿ ಮಾಡಬಾರದ 39 ಬಗೆಯ ಕೆಲಸಗಳಲ್ಲಿ ಬರೆಯುವುದೂ ಒಂದು. ಕೆಲವು ಗುಂಪುಗಳಲ್ಲಿ ಎಲ್ಲರೂ ಬರೆಯುತ್ತಾರೆ, ಕೆಲವರಲ್ಲಿ ಇಲ್ಲ. ಮುಖ ಕಿವುಚಿದವರು ನಿಮ್ಮನ್ನಲ್ಲ, ಪೆನ್ನನ್ನು ನೋಡಿದರು. ಅವತ್ತು ಪೆನ್ನು, ಬಿಳಿ ಹಲಗೆ ಎರಡೂ ಬೇಡ. ಗುರುವಾರವೇ ನಾಲ್ಕು ವಚನ, ಮೂರು ವ್ಯಾಖ್ಯಾನ, ಒಂದು ಪ್ರಶ್ನೆ ಒಂದೇ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿಟ್ಟುಕೊಳ್ಳಿ. ಓದಲು ಕನ್ನಡಕ ಹುಡುಕುವವರು ಮೇಜಿನಲ್ಲಿ ಅರ್ಧ ಜನ ಇರುತ್ತಾರೆ. ನೆನಪಿಡಬೇಕಾದದ್ದನ್ನು ಸಂಜೆ ಕತ್ತಲಾದ ಮೇಲೆ ಬರೆದುಕೊಳ್ಳಿ.

ಚಿತ್ರಾನ್ನ. ಅನೇಕ ಸಿನಗಾಗ್‌ಗಳಲ್ಲಿ ಹೊರಗಿನ ಮನೆ ಅಡುಗೆ ಒಳಗೆ ಬಿಡುವುದಿಲ್ಲ. ಯಹೂದಿಗಳ ಆಹಾರದ ಕೋಷರ್ ನಿಯಮದಲ್ಲಿ ಅನ್ನ, ನಿಂಬೆ, ಕಡಲೆಬೀಜಕ್ಕೇನೂ ತಕರಾರಿಲ್ಲ. ನೋಡುವುದು ಅದನ್ನು ಬೇಯಿಸಿದ ಪಾತ್ರೆ ಯಾವುದು, ಅಡುಗೆಮನೆ ಯಾವುದು ಎಂದು. ಮತ್ತೆ ಪಾತ್ರೆಯ ಮಾತಿಗೇ ಬಂದೆವು ನೋಡಿ. ಆಫೀಸಿಗೆ ಫೋನ್ ಮಾಡಿ ಕೇಳಿ. ಬೇಡ ಅಂದರೆ ಹೆಚ್ಚದ ಹಣ್ಣು ಒಯ್ಯಿರಿ, ಬಾಳೆಹಣ್ಣಿಗೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಚಿತ್ರಾನ್ನಕ್ಕೆ ಆ ವಕೀಲರನ್ನು ಇನ್ನೊಂದು ದಿನ ಮನೆಗೇ ಕರೆಯಿರಿ.